ಮಡೆಪ್ಪನ ಕೊಬ್ಬು

ಕುರಿಯ ಬೆನ್ನ ಮೇಲೆ ಅಂಗೈ ಇಟ್ಟರೆ ಸಾಕು, ಒಳಗಿರುವುದು ಕೊಬ್ಬೋ ಮೋಸವೋ ಎಂದು ಸಾಯಗಾಂವದ ಮಡೆಪ್ಪ ಹೇಳಿಬಿಡುತ್ತಿದ್ದ. ಉಪ್ಪು ನೆಕ್ಕಿಸಿ, ಹೊಟ್ಟೆ ಬಿರಿಯುವಂತೆ ನೀರು ಕುಡಿಸಿ, ತೂಕ ಏರಿಸಿದ ಕುರಿಯನ್ನು ಯಾವ ವ್ಯಾಪಾರಿ ತಂದರೂ ಭಾಲ್ಕಿ ಸಂತೆಯಲ್ಲಿ ಅವನ ಕಣ್ಣು ತಪ್ಪಿಸಲಾಗುತ್ತಿರಲಿಲ್ಲ. ಸ್ವಂತ ಹೊಟ್ಟೆಯ ವಿಷಯಕ್ಕೆ ಬಂದಾಗ ಮಾತ್ರ ಈ ವಿದ್ಯೆ ಕೈಕೊಟ್ಟಿತು.

ಅವನ ಹೃದಯ ದುರ್ಬಲವಾಗಿ ವರ್ಷವಾಗಿತ್ತು. ಬೀದರಿನ ಡಾಕ್ಟರ್ ನಾಹೀದ ಬಿಡಿಸಿ ಹೇಳಿದ್ದರು: "ಕಾಕಾ, ನಿಮ್ಮ ದಿಲ್ ರಕ್ತ ದೂಡಿ ದೂಡಿ ಸುಸ್ತಾಗೇದ. ಹೊಟ್ಟಿ ಒಳಗ, ದಿಲ್ ಸುತ್ತ ಕೂತ ಕೊಬ್ಬು ಅದಕ್ಕ ಇನ್ನೂ ತ್ರಾಸ ಕೊಡ್ತದ. ಅದನ್ನ ನಿಧಾನಕ ಇಳಸ್ರಿ. ಉಪ್ಪು ಕಡಿಮಿ ಮಾಡ್ರಿ. ದಿನಾ ಮುಂಜಾನಿ ತೂಕ ನೋಡ್ರಿ. ಒಮ್ಮಿಗೇ ಏರಿದ್ರ ಅದು ಕೊಬ್ಬಲ್ಲ, ಮೈಯಾಗ ನಿಂತ ನೀರು. ತಡಾ ಮಾಡದೆ ಬರ್ರಿ."

ಮಡೆಪ್ಪನ ತಲೆಯಲ್ಲಿ ಉಳಿದದ್ದು ಕೊಬ್ಬು ಒಂದೇ.

ಮುಂದಿನ ಸೋಮವಾರ ಔರಾದಿನಲ್ಲಿ ಮಗಳು ದಾನಮ್ಮನ ಎರಡನೆಯ ಕೂಸಿಗೆ ಹೆಸರಿಡುವ ಕಾರ್ಯ. ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಎಲ್ಲರೆದುರು ಕೂರಬೇಕೆಂದು ಮಡೆಪ್ಪ ಹೊಸ ರುಮಾಲು ಸಹ ತಂದಿಟ್ಟಿದ್ದ. ಆದರೆ ಹೆಂಡತಿ ಸತ್ಯಮ್ಮ ಖಡಕ್ಕಾಗಿ ಹೇಳಿದ್ದಳು: "ತೂಕ ಏರಿದ್ರ ಔರಾದ ಬಂದ್. ಸೀದಾ ಬೀದರ!"

ಮರುದಿನವೇ ತೂಕದ ಮುಳ್ಳು ಮೇಲೇರಿತು. ಮಡೆಪ್ಪ ಹೆಂಡತಿಗೆ ಹೇಳದೆ, ತಲೆಯ ರುಮಾಲು ಬಿಚ್ಚಿ ಮತ್ತೆ ನಿಂತ. ಅದರ ಮರುದಿನ ಇನ್ನೂ ಏರಿತು. ಬೆಳ್ಳಿ ಉಡದಾರ ತೆಗೆದ, ಸಾಲದ್ದಕ್ಕೆ ಮೀಸೆಯನ್ನೂ ಬೋಳಿಸಿಕೊಂಡ.

"ಅಯ್ಯ ಶಿವನೇ! ಇವರ್ಯಾರು ನಮ್ಮ ಮನ್ಯಾಗ?" ಎಂದು ಸತ್ಯಮ್ಮ ಕೂಗಿದಳು.

"ಕೊಬ್ಬು ಇಳಸ್ಲಿಕತ್ತೀನಿ."

"ಮೀಸ್ಯಾಗ ಎಲ್ಲಿ ಅದರಿ ಕೊಬ್ಬು?"

"ಊರಾಗ ಎಲ್ಲಾರೂ ಅಲ್ಲೇ ಅದ ಅಂತಾರಲ್ಲ!"

ಅಷ್ಟಕ್ಕೇ ಬಿಡಲಿಲ್ಲ. ರೊಟ್ಟಿ ಬಿಟ್ಟು ಬರೀ ಮಜ್ಜಿಗೆ ಹಿಡಿದ. ಸಪ್ಪೆ ಮಜ್ಜಿಗೆ ಗಂಟಲಲ್ಲಿ ಇಳಿಯದೆಂದು ಚೆಂಬಿಗೊಂದು ಹಿಡಿ ಉಪ್ಪು. ಉಪ್ಪಿನಲ್ಲಿ ಕೊಬ್ಬಿಲ್ಲವಲ್ಲ ಎಂಬ ಧೈರ್ಯ. ಮುಳ್ಳು ಏರುತ್ತಲೇ ಹೋಯಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಅದನ್ನು ಬಾಯಿಬಿಟ್ಟರೆ ಔರಾದ ತಪ್ಪೀತೆಂದು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದ.

ರವಿವಾರ ಕಾಲು ಊದಿ ಚಪ್ಪಲಿಯೇ ಹಿಡಿಸಲಿಲ್ಲ. ಸತ್ಯಮ್ಮ ಕೆಳಗೆ ಕೂತು ಅವನ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿದಳು. ಕುಳಿ ಬಿತ್ತು, ಬಿದ್ದದ್ದು ಹಾಗೇ ಉಳಿಯಿತು.

"ನೀವೇ ಒತ್ತಿ ನೋಡ್ರಿ. ಇಂಥಾ ಕುರಿ ಸಂತಿಗೆ ಬಂದ್ರ ಏನಂತೀರಿ?"

ಮಡೆಪ್ಪ ಏದುಸಿರು ಬಿಡುತ್ತ ಬಗ್ಗಿ ಒತ್ತಿದ. ಮುಖ ಪೆಚ್ಚಾಯಿತು.

"ಉಪ್ಪು ತಿನ್ನಿಸಿ ನೀರು ಕುಡಿಸ್ಯಾರ," ಎಂದ ಮೆಲ್ಲಗೆ.

"ಯಾರ್ರಿ ಆ ವ್ಯಾಪಾರಿ?"

ಅವನು ಮಜ್ಜಿಗೆ ಚೆಂಬಿನ ಕಡೆ ನೋಡಿದ. "ಗಾಡಿ ತರಸು. ಬೀದರಕ್ಕ."

ಡಾಕ್ಟರ್ ನಾಹೀದ ದವಾಖಾನೆಯಲ್ಲಿ ಇಟ್ಟುಕೊಂಡು, ಸೂಜಿ ಚುಚ್ಚಿ, ನೀರಿಳಿಸಿದರು. "ನೀರು ಹೋಯ್ತು ಕಾಕಾ. ಕೊಬ್ಬು ಹಾಂಗೇ ಅದ."

"ಅಂದ್ರ ಮೀಸಿ ಸುಮ್ನೇ ಹೋಯ್ತೇನ್ರಿ?"

ಅಪ್ಪ ಬರದೆ ಹೆಸರಿಡುವುದಿಲ್ಲವೆಂದು ದಾನಮ್ಮ ಕಾರ್ಯವನ್ನೇ ಮುಂದೆ ಹಾಕಿದ್ದಳು. ಕಡೆಗೂ ಔರಾದಿನಲ್ಲಿ, ಮೀಸೆಯಿಲ್ಲದ ಅಜ್ಜ ಸಪ್ಪೆ ಅನ್ನ ಉಂಡು, ಹೊಸ ರುಮಾಲು ಸುತ್ತಿ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡ. ಕೈ ಸುಮ್ಮನಿರಲಿಲ್ಲ. ಕೂಸಿನ ತೊಡೆಯನ್ನು ಮೆಲ್ಲಗೆ ಒತ್ತಿದ. ಒತ್ತಿದ್ದು ಪುಟಿದೆದ್ದಿತು.

"ಅಸಲಿ ಮಾಲು!" ಎಂದು ಸಾರಿದ.

ಅಷ್ಟರಲ್ಲಿ ಅವನ ಧೋತರ ಬೆಚ್ಚಗೆ ಒದ್ದೆಯಾಯಿತು. ಮಡೆಪ್ಪ ಹಿಗ್ಗಿ ಹೇಳಿದ: "ನೋಡ್ರಿ, ನೀರೂ ತಾನೇ ಬಿಡ್ತದ. ಸೂಜಿ ಬೇಕಾಗಿಲ್ಲ!"