ಅಂಬುಜಾ ಓದದೆ ಬಿಟ್ಟ ಹೆಸರು

ಎಗ್ಮೋರ್ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಅಂಬುಜಾಳ ಬಾಡಿಗೆ ಮನೆ. ಬಾಗಿಲ ಮೇಲೆ ಗಂಡ ತಾನೇ ಬಣ್ಣದಲ್ಲಿ ಬರೆದು ಹಾಕಿದ್ದ ಕನ್ನಡ ಬೋರ್ಡು: ಹರಿದಾಸ. ತಮಿಳರೇ ತುಂಬಿದ ಆ ಓಣಿಯಲ್ಲಿ ಅದನ್ನು ಓದಬಲ್ಲವರು ಅವನ ಮನೆಯವರು ಮಾತ್ರ, ಅವರಲ್ಲೂ ಅಂಬುಜಾ ಬಾಯಿಬಿಟ್ಟು ಓದುವ ಹಾಗಿರಲಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಮ್ಮಿಯಾಗುತ್ತದೆ ಎಂದು ಅತ್ತೆ ಗೋದಾಬಾಯಿ ಮದುವೆಯ ಮಾರನೆಯ ದಿನವೇ ಕಿವಿಗೆ ಹಾಕಿದ್ದರು. ಮನೆಮಂದಿಯೆಲ್ಲ ಆಕಳಿಸುವಾಗ ‘ಹರಿ ಹರಿ’ ಎಂದರೆ ಈ ಪುಣ್ಯಾತ್ಗಿತ್ತಿ ‘ಕೃಷ್ಣ ಕೃಷ್ಣ’ ಎನ್ನುತ್ತಿದ್ದಳು. ನಗಬೇಡಿ, ಅವಳಿಗೆ ಅದು ತಮಾಷೆಯಾಗಿರಲಿಲ್ಲ.

ರೈಲ್ವೆ ಗುಮಾಸ್ತ ಹರಿದಾಸನಿಗೆ ಕ್ಷಯ ಹಿಡಿದು ಊರಾಚೆಯ ಆಸ್ಪತ್ರೆ ಸೇರಿದ ಮೇಲೆ, ಐದು ವರ್ಷದ ನೀರಜಾಳಿಗೆ ಓದು ಕಲಿಸುವ ಕೆಲಸ ಅಂಬುಜಾಳ ತಲೆಗೆ ಬಿತ್ತು. ಶಿಶುಶಾಲೆಗೆ ಹೋಗುತ್ತಿದ್ದ ಹುಡುಗಿ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು. ತಾನು ಬರುವಷ್ಟರಲ್ಲಿ ಮಗಳು ಕನ್ನಡ ಓದಬೇಕು ಎಂದು ಹೇಳಿಯೇ ಅವನು ಹೋಗಿದ್ದ. ಅಂಬುಜಾ ಅಡುಗೆಮನೆಯ ಡಬ್ಬಿಗಳ ಮೇಲೆ ಸುಣ್ಣದಲ್ಲಿ ಅಕ್ಕಿ, ಬೇಳೆ, ಉಪ್ಪು ಎಂದು ಬರೆದಳು. ಮೊದಲು ಅಮ್ಮ ಹೇಳಬೇಕು, ಆಮೇಲೆ ಮಗಳು. ಅದೇ ಪಾಠದ ಕ್ರಮ. ಬಾಗಿಲ ಬೋರ್ಡಿನ ಹತ್ತಿರ ಬಂದಾಗ ಮಾತ್ರ ತುಟಿಯ ಮೇಲೆ ಬೆರಳಿಟ್ಟು ಮಗಳನ್ನು ಒಳಗೆ ಕರೆದುಕೊಂಡು ಬಿಡುತ್ತಿದ್ದಳು.

ನಾಳೆ ಶ್ವಾಸಕೋಶದ ಆಪರೇಷನ್ ಎನ್ನುವಾಗ ಮಗಳನ್ನು ಕರೆತರಲು ಹರಿದಾಸ ಹೇಳಿ ಕಳಿಸಿದ. ತಾಯಿ ಮಗಳಿಬ್ಬರೂ ಎಲೆಕ್ಟ್ರಿಕ್ ಟ್ರೇನು ಹತ್ತಿ ಹೋದರು. ಮಕ್ಕಳನ್ನು ವಾರ್ಡಿನೊಳಗೆ ಬಿಡುತ್ತಿರಲಿಲ್ಲ. ಹುಡುಗಿ ಅಮ್ಮನ ಜತೆ ಅಂಗಳದ ಬೇವಿನ ಮರದಡಿ ನಿಂತಳು, ಅಪ್ಪ ಕಿಟಕಿಯ ಸರಳಿನಾಚೆ ಕೂತ. ಮಾತಾಡಿದರೆ ಕೆಮ್ಮು. ಹಾಗಾಗಿ ಸ್ಲೇಟು ತರಿಸಿಕೊಂಡು, ಬಳಪದಲ್ಲಿ ಒಂದೊಂದೇ ಮಾತು ಬರೆದು ಎತ್ತಿ ಹಿಡಿದ. ಅಪ್ಪ, ಅಮ್ಮ, ಮನೆ, ಉಪ್ಪು. ಹುಡುಗಿ ಎಲ್ಲವನ್ನೂ ಕೂಗಿ ಓದಿದಳು. ಅವನ ಬತ್ತಿದ ಮುಖದಲ್ಲಿ ನಗು ಕಂಡು ಅಂಬುಜಾಳ ಕಣ್ಣು ತುಂಬಿತು.

ಕಡೆಯಲ್ಲಿ ಅವನು ತನ್ನ ಹೆಸರು ಬರೆದ. ನೀರಜಾ ತುಟಿಯ ಮೇಲೆ ಬೆರಳಿಟ್ಟುಕೊಂಡು ಸುಮ್ಮನೆ ನಿಂತಳು. ಕಾಣಿಸಲಿಲ್ಲವೇನೋ ಎಂದು ಅವನು ಅಳಿಸಿ ದಪ್ಪ ಅಕ್ಷರದಲ್ಲಿ ಬರೆದ. ಆಗಲೂ ಇಲ್ಲ. ಅಪ್ಪನ ಹೆಸರೇ ಮಗಳಿಗೆ ಗೊತ್ತಿಲ್ಲ ಎಂದುಕೊಂಡನೋ ಏನೋ, ಪಾಪ, ಎತ್ತಿದ ಕೈ ಇಳಿಯತೊಡಗಿತು.

ಓದು ಎಂದು ಅಂಬುಜಾ ಗೋಗರೆದಳು. ನಾನು ಹೇಳಬಾರದು, ನೀನು ಹೇಳಬಹುದು ಎಂದು ಎಷ್ಟು ಬಿಡಿಸಿ ಹೇಳಿದರೂ ಹುಡುಗಿ ಜಗ್ಗಲಿಲ್ಲ.

“ಅದು ಸೊಲ್ಲಕ್ಕೂಡಾದು, ಹೇಳ್ಬಾರ್ದು. ನೀ ಹೇಳೋದೇ ಇಲ್ವಲ್ಲ. ನೀ ಮೊದಲು ಹೇಳು.”

ನಾಳೆ ಆಪರೇಷನ್, ಇವತ್ತು ಆ ಹೆಸರೇ? ಇಂಥ ದಿನ ಯಾವ ಹೆಂಡತಿ ಹೇಳಿಯಾಳು? ಆದರೆ ಕಿಟಕಿಯಲ್ಲಿ ಸ್ಲೇಟು ಇನ್ನಷ್ಟು ಕೆಳಗೆ ಹೋಗಿತ್ತು. ಅಂಬುಜಾ ಕಣ್ಣು ಮುಚ್ಚಿಕೊಂಡು, ಅವನಿಗೂ ಕೇಳುವಂತೆ ಹೇಳಿಯೇಬಿಟ್ಟಳು.

“ಹರಿದಾಸ.”

“ಹರಿದಾಸ!” ಎಂದು ಮಗಳು ಕೂಗಿದಳು. ಕಣ್ಣು ತೆರೆದಾಗ ಅವನು ಮಗಳನ್ನಲ್ಲ, ಹೆಂಡತಿಯನ್ನು ನೋಡುತ್ತಿದ್ದ.

ಮಾರನೆಯ ದಿನ ಆಪರೇಷನ್ ಟೇಬಲ್ಲಿನಿಂದ ಹರಿದಾಸ ಏಳಲಿಲ್ಲ.

ತಾನು ಹೆಸರು ಹೇಳಿದ್ದನ್ನು ಅಂಬುಜಾ ಯಾರಿಗೂ ಹೇಳಲಿಲ್ಲ. ನನ್ನ ಬಾಯೇ ಅವರನ್ನು ನುಂಗಿತೇ ಎಂದು ಒಳಗೊಳಗೇ ಬೆಂದಳು. ಕರ್ಮಗಳೆಲ್ಲ ಮುಗಿದ ಮೇಲೆ, ಆ ಬೋರ್ಡು ನೋಡಿದರೆ ಸಂಕಟವಾಗುತ್ತದೆ, ತೆಗೆದುಬಿಡು ಎಂದು ಗೋದಾಬಾಯಿ ಕಿರಿಮಗ ಬದರಿನಾಥನಿಗೆ ಹೇಳಿದರು. ಅವನು ಸ್ಟೂಲು ತಂದಿಟ್ಟ. ಅಷ್ಟರಲ್ಲಿ ನೀರಜಾ ಬಂದು ಬೋರ್ಡಿನತ್ತ ಬೆರಳು ಮಾಡಿ, ಪಾಠಕ್ಕೆಂದು ಅಮ್ಮನ ಮುಖ ನೋಡಿದಳು.

“ಅಮ್ಮಾ, ನೀ ಮೊದಲು.”

ಅತ್ತೆ ಅಲ್ಲೇ ಇದ್ದರು. ಇನ್ನು ಆ ಹೆಸರು ಹೇಳಿದರೆ ಕಮ್ಮಿಯಾಗಲು ಯಾರ ಆಯುಸ್ಸೂ ಉಳಿದಿರಲಿಲ್ಲ. ಅಂಬುಜಾ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ಮಗಳು ಅವಳ ಹಿಂದೆಯೇ ಹೇಳಿದಳು.

ಗೋದಾಬಾಯಿ ಸೊಸೆಯತ್ತ ತಿರುಗಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ಸ್ಟೂಲನ್ನು ಒಳಗಿಡಲು ಬದರಿನಾಥನಿಗೆ ಹೇಳಿದರು.