ಜೊತೆಗೆ ಬಂದವರು ಹೊರಗೆ ಕೂತಿರಬೇಕು

೧

ಈ ಕಥೆಯನ್ನು ಬಸ್ಸಿನಿಂದ ಶುರು ಮಾಡಬೇಕೆಂದಿದ್ದೆ. ಗಂಡ ಹೆಂಡತಿ ಹರಿಹರದಲ್ಲಿ ಹತ್ತುತ್ತಾರೆ, ಕಿಟಕಿಯಾಚೆ ತುಂಗಭದ್ರೆ, ಇಬ್ಬರ ನಡುವೆ ಮೌನ, ಇತ್ಯಾದಿ. ಎರಡು ಪುಟ ಬರೆದ ಮೇಲೆ ನೆನಪಾಯಿತು: ಹರಿಹರದಿಂದ ದಾವಣಗೆರೆಗೆ ಬರುವ ಬಸ್ಸು ಹೊಳೆ ದಾಟುವುದೇ ಇಲ್ಲ. ಹೊಳೆ ಬೆನ್ನ ಹಿಂದೆ ಉಳಿದುಬಿಡುತ್ತದೆ. ಹರಿದು ಹಾಕಿದೆ.

ಹಾಗಾದರೆ ಖುರ್ಚಿಯಿಂದ ಶುರು ಮಾಡೋಣ.

೨

ದಾವಣಗೆರೆಯ ವಿದ್ಯಾನಗರದಲ್ಲಿ, ಒಂದು ಮೆಡಿಕಲ್ ಶಾಪಿನ ಮೇಲೆ ಶಾಂತಲಾಳ ಕೋಣೆ. ಆಕೆ ಗುಳಿಗೆ ಕೊಡುವುದಿಲ್ಲ, ಮಾತಾಡಿಸುತ್ತಾಳೆ. ವಾರಕ್ಕೊಮ್ಮೆ ಬನ್ನಿ, ಮನಸ್ಸಿಗೆ ಬಂದದ್ದನ್ನೆಲ್ಲ ಹೇಳಿ, ಹೇಳುತ್ತ ಹೇಳುತ್ತ ಒಳಗಿನ ಗಂಟು ನಿಮಗೇ ಕಾಣುತ್ತದೆ ಎನ್ನುವ ಚಿಕಿತ್ಸೆ. ಇಂಥವಳ ಎದುರಿನ ಖುರ್ಚಿಗೆ ಮಾತೇ ಆಡದವರೊಬ್ಬರು ಬಂದು ಕೂತರು.

ಹೆಸರು ತಿಪ್ಪೇರುದ್ರಪ್ಪ. ಹರಿಹರದ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ‘ನಂದಿಗುಡಿ, ಕೊಕ್ಕನೂರು’ ಎಂದು ಕೂಗಿ ನಿವೃತ್ತರಾದವರು. ಈ ಯುಗಾದಿ ಕಳೆದ ಮೇಲೆ ಬಾಯಿ ಬಿಟ್ಟಿಲ್ಲ. ಗಂಟಲು, ಕಿವಿ, ತಲೆ ಎಲ್ಲ ನೋಡಿದ ಡಾಕ್ಟರುಗಳು ಏನೂ ತೊಂದರೆಯಿಲ್ಲ ಎಂದಿದ್ದಾರೆ.

(ನಿಲ್ದಾಣದಲ್ಲಿ ಅವರ ಜಾಗಕ್ಕೆ ರೆಕಾರ್ಡ್ ಮಾಡಿದ ದನಿ ಬಂತು, ಆ ದುಃಖಕ್ಕೇ ಮಾತು ಬಿಟ್ಟರು ಎಂದು ಮೊದಲ ಕರಡಿನಲ್ಲಿತ್ತು. ನಿಮಗದು ಬಹಳ ಹಿಡಿಸುತ್ತಿತ್ತು. ಅದಕ್ಕೇ ತೆಗೆದೆ.)

ಜೊತೆಗೆ ಬಂದವರು ಹೆಂಡತಿ ಉಚ್ಚೆಂಗೆಮ್ಮ.

“ನಂಗೊಂದೇ ಗೊತ್ತಾಗ್ಬೇಕಾಗೈತೆ ಡಾಕ್ಟ್ರವ್ವ. ಇವ್ರು ನನ್ ಮ್ಯಾಲಿನ ಸಿಟ್ಟಿಗೆ ಬಾಯಿ ಮುಚ್ಚ್ಯಾರೋ, ಏನಾರ ಬ್ಯಾನೆ ಐತೋ? ಬ್ಯಾನೆ ಆದ್ರೆ ಆರೈಕೆ ಮಾಡ್ತೀನಿ. ಸಿಟ್ಟಾದ್ರೆ...” ಅಲ್ಲಿಗೆ ನಿಲ್ಲಿಸಿ ಗಂಡನ ಅಂಗಿಯ ಗುಂಡಿ ಸರಿಮಾಡಿದರು. “ಸಿಟ್ಟಾದ್ರೆ ಮುನಿಸ್ಕೊಂಡು ಹೋಗಾಕೆ ಈ ವಯಸ್ನಾಗೆ ನಂಗೆ ತವರಾದ್ರೂ ಎಲ್ಲೈತೆ ಹೇಳ್ರಿ?”

ಕಥೆಯಲ್ಲಿರುವುದು ಇದೊಂದೇ ಪ್ರಶ್ನೆ. ಬೇರೆ ಹುಡುಕಬೇಡಿ.

೩

ಮಾತಾಡದವರನ್ನು ಅರಿಯುವುದು ಹೇಗೆ? ಶಾಂತಲಾ ವ್ಯಕ್ತಿತ್ವ ಪರೀಕ್ಷೆಯ ಹಾಳೆ ತೆಗೆದಳು. ಆಕೆ ಒಂದೊಂದೇ ವಾಕ್ಯ ಓದುವುದು, ತಮಗೆ ಒಪ್ಪುವಂಥದ್ದಕ್ಕೆ ಅವರು ಕೈ ಎತ್ತುವುದು. ಕೊನೆಗೆ ಏರಿಳಿಯುವ ಒಂದು ಗೆರೆ ಮೂಡುತ್ತದೆ. ಒಳಗಿರುವ ಮನುಷ್ಯನ ಅಂದಾಜು ನಕಾಶೆ.

“ಸಣ್ಣ ಸದ್ದಿಗೂ ನನಗೆ ಎಚ್ಚರವಾಗುತ್ತದೆ.”

“ಆಗ್ತೈತ್ರಿ,” ಎಂದರು ಉಚ್ಚೆಂಗೆಮ್ಮ.

“ನಾನಿಲ್ಲದಿದ್ದರೆ ಮನೆ ನಡೆಯುವುದಿಲ್ಲ.”

“ಹೆಂಗ್ ನಡೀತೈತ್ರಿ?”

“ನನ್ನಿಂದ ನನ್ನವರಿಗೆ ನೋವಾಗಿದೆ.”

ಉಚ್ಚೆಂಗೆಮ್ಮ ಗಂಡನ ಕಡೆ ನೋಡಿದರು. “ಹೂಂ. ಆಗಿರ್ಬೇಕು.”

ಶಾಂತಲಾ ಎಲ್ಲಕ್ಕೂ ಗುರುತು ಹಾಕಿಕೊಂಡಳು.

(ನಗಬೇಡಿ. ನಮ್ಮ ಕಡೆ ಆಸ್ಪತ್ರೆಗೆ ಹೋದವರು ತಮ್ಮ ಹೊಟ್ಟೆನೋವನ್ನು ತಾವೇ ಹೇಳಿಕೊಂಡದ್ದುಂಟೆ? “ಹಸಿವಾಗುತ್ತಾ?” ಎಂದು ಡಾಕ್ಟರು ಶಾಂತಲಾಳ ಅಜ್ಜನನ್ನು ಕೇಳಿದರೆ “ಎರಡು ರೊಟ್ಟಿ” ಎನ್ನುತ್ತಿದ್ದವಳು ಅಜ್ಜಿ. ಜೊತೆಗೆ ಬಂದವರ ಬಾಯೇ ರೋಗಿಯ ಬಾಯಿ ಎನ್ನುವುದನ್ನು ಶಾಂತಲಾ ಕಾಲೇಜಿಗೆ ಹೋಗುವ ಮುಂಚೆಯೇ ಕಲಿತಿದ್ದಳು.)

೪

ಸಂಜೆ ಆ ಗೆರೆಯ ಫೋಟೋವನ್ನು ತನ್ನ ಗುರು ಅಂಜನ್ ಕುಮಾರ್‌ಗೆ ಕಳಿಸಿದಳು. ಕೂಡಲೇ ಫೋನ್ ಬಂತು.

“ಏನಮ್ಮ, ಮಾತೇ ಆಡ್ದಿರೋ ಯಜಮಾನ್ರಿಗೆ ಮಾತುಗಾರಿಕೇಲಿ ಈ ಪಾಟಿ ಮಾರ್ಕ್ಸ್ ಹೆಂಗ್ ಬಂತು?”

ಶಾಂತಲಾ ಮತ್ತೆ ನೋಡಿದಳು. ಅದು ಬಿಡುವಿಲ್ಲದ, ಕಳವಳದ, ಮನೆಯ ತಪ್ಪನ್ನೆಲ್ಲ ತನ್ನ ತಲೆಗೇ ಹೊತ್ತು ತಿರುಗುವ ಜೀವವೊಂದರ ಗೆರೆ. ಮೇಲೆ ಬರೆದಿದ್ದ ಹೆಸರನ್ನು ಇನ್ನೊಮ್ಮೆ ಓದಿದಳು.

“ಸರ್, ಹೆಂಡ್ತಿ ಮನಸ್ಸು ಅಳ್ದು, ಮ್ಯಾಲೆ ಗಂಡನ ಹೆಸರು ಬರ್ದೀನಿ.”

ಅಂಜನ್ ಕುಮಾರ್ ನಗಲಿಲ್ಲ. “ಎಸೀಬ್ಯಾಡ ಅದನ್ನ. ಆ ಅಮ್ಮನ್ನ ಇಷ್ಟೊಂದು ಯಾರೂ ಯಾವತ್ತೂ ಕೇಳಿರಲ್ಲ.”

೫

ಮರುವಾರ, “ಜೊತೆಗೆ ಬಂದವರು ಹೊರಗೆ ಕೂತಿರಬೇಕು” ಎಂದು ಶಾಂತಲಾ ಹೇಳಿದಾಗ ಉಚ್ಚೆಂಗೆಮ್ಮ ರೇಗಿದ್ದು ಅವಳ ಮೇಲಲ್ಲ, ನನ್ನ ಮೇಲೆ.

“ಏನ್ ತಮ್ಮಾ, ಬರೆಯೋನು ನೀನೇ ಅಲ್ಲ? ನನ್ನ ಯಾಕ ಹೊರಗ್ ಹಾಕ್ತಿ?”

“ಚಿಕಿತ್ಸೆಯ ನಿಯಮ ಅಮ್ಮ.”

“ನಿಂಗೆ ಮದ್ವಿ ಆಗೈತಾ?”

“ಇಲ್ಲ.”

“ಅದಕ್ಕಾ,” ಎಂದು ಬೆಂಚಿನ ಮೇಲೆ ಕೂತರು.

೬

ಒಳಗೆ ಶಾಂತಲಾ ಅದೇ ಹಾಳೆಯನ್ನು ಮೊದಲಿಂದ ಓದಿದಳು. ತಿಪ್ಪೇರುದ್ರಪ್ಪನವರ ಕೈ ತೊಡೆಯ ಮೇಲಿಂದ ಏಳಲಿಲ್ಲ. ಮುಚ್ಚಿದ ಬಾಗಿಲ ಮೇಲೇ ಅವರ ಕಣ್ಣಿತ್ತು.

ಆ ನೋಟ ಕಂಡು ಶಾಂತಲಾ ಓದುವುದನ್ನು ನಿಲ್ಲಿಸಿದಳು. “ಅಪ್ಪಾರೆ, ನಿಮ್ದು ಬ್ಯಾಡ ಬಿಡ್ರಿ. ಹೋದ ವಾರ ಅಮ್ಮ ನಿಮ್ಮ ಪರವಾಗಿ ಹೇಳಿದ್ರು. ಈಗ ಅಮ್ಮನ ಪರವಾಗಿ ನೀವು ಹೇಳ್ರಿ.”

ಸಣ್ಣ ಸದ್ದಿಗೂ ಎಚ್ಚರ? ಕೈ ಎದ್ದಿತು. ಅವರಿಲ್ಲದೆ ಮನೆ ನಡೆಯುವುದಿಲ್ಲ? ಕೈ ಎದ್ದಿತು, ಜೊತೆಗೆ ನಗೆಯ ಒಂದು ಚೂರೂ. ಉಚ್ಚೆಂಗೆಮ್ಮ ಕೊಟ್ಟಿದ್ದ ಉತ್ತರಗಳೇ ಒಂದೊಂದಾಗಿ ಬರತೊಡಗಿದವು.

“ನನ್ನಿಂದ ನನ್ನವರಿಗೆ ನೋವಾಗಿದೆ.”

ಕೈ ಏಳಲಿಲ್ಲ. ಶಾಂತಲಾ ಕಾದಳು. ಅವರ ಗಂಟಲು ಎರಡು ಸಲ ಅಲುಗಿತು, ಬಹಳ ದಿನ ಮುಚ್ಚಿಟ್ಟ ಕದದ ಹಾಗೆ.

“ಇಲ್ಲ,” ಎಂದರು. “ಆಕೀದು ಏನೂ ತಪ್ಪಿಲ್ಲ.”

ಶಾಂತಲಾ ಪೆನ್ನು ಮುಟ್ಟಲಿಲ್ಲ. “ಇದನ್ನ ಅಮ್ಮಂಗೆ ನಾನು ಹೇಳ್ಲೇನ್ರಿ?”

ತಲೆ ಅಡ್ಡಡ್ಡ ಆಡಿಸಿದರು. ತೋರುಬೆರಳನ್ನು ತಮ್ಮ ಎದೆಗೆ ಒತ್ತಿಕೊಂಡರು. ನಾನೇ.

೭

ಒಂದು ಮುಕ್ತಾಯ: ಮೆಟ್ಟಿಲಿಳಿಯುತ್ತಲೇ ಹೇಳಿಬಿಟ್ಟರು. (ಹಿನ್ನೆಲೆಯಲ್ಲಿ ಕೊಳಲು.)

ಇನ್ನೊಂದು: ಕಡೆತನಕ ಹೇಳಲೇ ಇಲ್ಲ. (ಹೀಗೆ ಬರೆದರೆ ವಿಮರ್ಶಕರು ಮೆಚ್ಚುತ್ತಾರೆ. ನನಗೆ ಕೈ ಬರಲಿಲ್ಲ.)

ಮತ್ತೊಂದು: ಶಾಂತಲಾಳೇ ಹೊರಗೆ ಬಂದು ಹೇಳುತ್ತಾಳೆ. ಇದನ್ನು ಅರ್ಧ ಬರೆದಿದ್ದೆ, ಆಕೆಯೇ ತಡೆದಳು. “ಬ್ಯಾಡ್ರಿ. ಒಬ್ಬರ ಮಾತು ಇನ್ನೊಬ್ಬರ ಬಾಯಾಗೆ ಹಾಕಿ ಒಂದ್ಸಲ ತಪ್ಪು ಮಾಡೀನಿ. ಸಾಕು.”

೮

ಆದ್ದರಿಂದ ಬಾಗಿಲು ತೆರೆದಾಗ ಉಚ್ಚೆಂಗೆಮ್ಮ “ಏನಂದ್ರು?” ಎಂದದ್ದಕ್ಕೆ, “ಅವ್ರನ್ನೇ ಕೇಳ್ರಿ ಅಮ್ಮ, ಉತ್ತರ ಬರೋ ತಂಕ ಸ್ವಲ್ಪ ಕಾಯ್ರಿ,” ಎಂದಷ್ಟೇ ಹೇಳಿದಳು.

ಉಚ್ಚೆಂಗೆಮ್ಮ ನನ್ನ ಕಡೆ ತಿರುಗಿದರು.

“ನೀನಾದ್ರೂ ಹೇಳಪ್ಪಾ. ಓದೋರಿಗೆಲ್ಲಾ ಹೇಳೀಯಲ್ಲ, ನಂಗ್ಯಾಕ ಹೇಳಲ್ಲ?”

ನಾನು ಪುಟ ತಿರುಗಿಸಿದೆ.

೯

ಕಡೆಗೂ ಬಸ್ಸೇ ಬೇಕಾಯಿತು. ಕಿಟಕಿಯ ಬಳಿ ತಿಪ್ಪೇರುದ್ರಪ್ಪ, ಪಕ್ಕದಲ್ಲಿ ಉಚ್ಚೆಂಗೆಮ್ಮ, ಇಬ್ಬರ ಪಾಲಿನ ಮಾತನ್ನೂ ತಾವೇ ಆಡುತ್ತ. “ಇಳಿದ್ಮ್ಯಾಲೆ ಮೆಂತ್ಯ ಸೊಪ್ಪು ತಗಳ್ಳೇನು? ಬ್ಯಾಡಾ? ಆತು ಬಿಡ್ರಿ.”

ಕಂಡಕ್ಟರ್ ಬಂದ. ಉಚ್ಚೆಂಗೆಮ್ಮ ಆಧಾರ್ ಕಾರ್ಡ್ ತೋರಿಸಿದರು.

“ಅಮ್ಮಂದು ಫ್ರೀ. ಯಜಮಾನ್ರೇ, ನಿಮ್ದು ಎಲ್ಲಿಗ್ರಿ?”

ಉಚ್ಚೆಂಗೆಮ್ಮ ಬಾಯಿ ತೆರೆದರು. ಬೆಂಚಿನ ಮೇಲೆ ಕೂತದ್ದು ನೆನಪಾಯಿತೋ ಏನೋ, ಮುಚ್ಚಿಕೊಂಡರು. ಗಂಡನ ಮುಖ ನೋಡಿದರು. ಕಂಡಕ್ಟರ್ ಟಿಕೆಟ್ ಮೆಷಿನ್ ಹಿಡಿದು ನಿಂತಿದ್ದಾನೆ. ತಿಪ್ಪೇರುದ್ರಪ್ಪನವರ ಗಂಟಲು ಒಂದು ಸಲ ಅಲುಗಿದೆ.

ನಾನು ಇಲ್ಲೇ ಇಳಿಯುತ್ತೇನೆ. ಅವರ ಹಿಂದಿನ ಸೀಟು ಖಾಲಿ ಇದೆ, ನೀವು ಕೂತಿರಿ. ಹರಿಹರ ಇನ್ನೂ ದೂರ. ಅವರು ಹೇಳಬೇಕಾದದ್ದು ನಿಮಗೆ ಗೊತ್ತು. ಎಷ್ಟೇ ತಡವಾದರೂ, ದಯವಿಟ್ಟು, ಅವರ ಬದಲು ನೀವು ಹೇಳಿಬಿಡಬೇಡಿ.