ನಾಡಿ ಮೇಡಂ

“ಮುಚ್ಚಬೇಡಿ!”

ಪೆಟ್ಟಿಗೆಯ ಮುಚ್ಚಳ ಹಿಡಿದಿದ್ದ ಸೋದರಮಾವನ ಕೈ ಅಲ್ಲೇ ನಿಂತಿತು. ಹೊರಗೆ ಶವವಾಹನದ ಎಂಜಿನ್ ಗುರುಗುಟ್ಟುತ್ತಿತ್ತು. ಮಗಳು ಮಂಡಿಯೂರಿ ತಾಯಿಯ ಎಡ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದಳು.

“ಮಾವ, ಅಮ್ಮನ ನಾಡಿ ಹೊಡೀತಿದೆ.”



“ಹುಚ್ಚಿ, ಬೆಳಗ್ಗೆ ಡಾಕ್ಟರು ನೋಡಿ ಹೋಗಲಿಲ್ವೇನೆ?”

“ಡಾಕ್ಟರು ತಪ್ಪೇ ಮಾಡಲ್ವಾ? ಬದುಕಿರೋರನ್ನ ಮಣ್ಣು ಮಾಡ್ತೀಯಾ? ನೀನೇ ಮುಟ್ಟಿ ನೋಡು!”

ಮಾವ ಅಳುಕುತ್ತ ಅಕ್ಕನ ಕೈ ಹಿಡಿದ. ಚರ್ಮ ಒದ್ದೆ ಕಲ್ಲಿನಂತೆ ತಣ್ಣಗಿತ್ತು. ಮೊದಲು ಏನೂ ಇರಲಿಲ್ಲ. ಆಮೇಲೆ, ಬಲು ಒಳಗಿನಿಂದೆಂಬಂತೆ, ಒಂದು ಮಿಡಿತ. ಇನ್ನೊಂದು.

“ಅಯ್ಯೋ... ಹೌದು ಕಣೇ!”

ಪಕ್ಕದ ಮನೆಯಾಕೆ ಬಾಗಿಲಿನತ್ತ ಸರಿದಳು. “ಕಣ್ಣು ಬಿಟ್ಟರೆ ಏನ್ರೀ ಗತಿ?” ಎಂದು ಗಂಡನ ತೋಳಿಗೆ ಜೋತುಬಿದ್ದಳು. “ಬಿಟ್ಟರೆ ಕಾಫಿ ಕೇಳ್ತಾರೆ, ಸುಮ್ನಿರು,” ಎಂದ ಗಂಡ.

ಗುಂಪನ್ನು ಸೀಳಿಕೊಂಡು ಬಂದವಳು ಆಸ್ಪತ್ರೆಯ ಹೆಡ್ ನರ್ಸ್, ಸತ್ತಾಕೆಯ ಹಳೆಯ ವಿದ್ಯಾರ್ಥಿನಿ. ಅದೇ ಮಣಿಕಟ್ಟಿನ ಮೇಲೆ ಮೂರು ಬೆರಳುಗಳನ್ನು ಹಗುರವಾಗಿಟ್ಟು ಬಹಳ ಹೊತ್ತು ಕಣ್ಣು ಮುಚ್ಚಿದಳು. ಕಣ್ಣು ತೆರೆದಾಗ ನೋಡಿದ್ದು ಮಗಳ ಕೈಯನ್ನು.

“ಹೆಬ್ಬೆರಳು,” ಎಂದಳು ಮೆಲ್ಲಗೆ.

*

ನರ್ಸಿಂಗ್ ಶಾಲೆಯಲ್ಲಿ ಅಂಗರಚನೆ ಕಲಿಸುತ್ತಿದ್ದ ಆ ತಾಯಿ ಎಲ್ಲರ ಬಾಯಲ್ಲೂ ನಾಡಿ ಮೇಡಂ. ಗೋಡೆಯ ಚಿತ್ರಪಟವನ್ನಾಗಲಿ, ಮೂಲೆಯ ಅಸ್ಥಿಪಂಜರವನ್ನಾಗಲಿ ತೋರಿಸುವ ಮೊದಲು ತಮ್ಮ ಕೈಯನ್ನೇ ಮುಂದೆ ಚಾಚುವರು. ಹೊಸದಾಗಿ ಬಂದ ಪ್ರತಿ ಹುಡುಗಿಯೂ ಆ ಮಣಿಕಟ್ಟಿನಲ್ಲೇ ರಕ್ತನಾಳವನ್ನು ಹುಡುಕಬೇಕು. ಅಲ್ಲೇ ಒಂದು ವರ್ಷ ಓದಿ, ಆಮೇಲೆ ಬಿಟ್ಟು ಹೊಲಿಗೆ ಹಿಡಿದ ಮಗಳಿಗೂ ಅಂದು ವಿನಾಯಿತಿ ಇರಲಿಲ್ಲ.

“ನನ್ನ ನಾಡಿ ಇಷ್ಟು ಜೋರಾಗಿ ಓಡ್ತಿದೆಯಾ? ನಾನೇನು ಕದ್ದು ಓಡಿ ಬಂದಿದೀನಾ?” ಮಗಳು ಹೇಳಿದ ಎಣಿಕೆಗೆ ಮೇಡಂ ಹುಬ್ಬೇರಿಸಿದ್ದರು.

ತರಗತಿ ಗೊಳ್ಳೆಂದಿತು.

“ಹೆಬ್ಬೆರಳು ತೆಗಿ. ಅದರೊಳಗೇ ನಾಡಿ ಇದೆ. ನೀನು ಎಣಿಸಿದ್ದು ನಿನ್ನದನ್ನೇ. ಹೆಬ್ಬೆರಳಿಟ್ಟು ನೋಡಿದ್ರೆ ಹೆಣಕ್ಕೂ ಜೀವ ಬರುತ್ತೆ ಕಣೇ!”

*

ಮಗಳು ಹೆಬ್ಬೆರಳನ್ನು ಎತ್ತಿದಳು. ಮೂರು ಬೆರಳಿಟ್ಟಳು. ಒತ್ತಿದಳು, ಸಡಿಲಿಸಿದಳು, ಇನ್ನಷ್ಟು ಮೇಲಕ್ಕೆ ಹುಡುಕಿದಳು.

“ಹೊತ್ತಾಯ್ತಮ್ಮ,” ಎಂದ ಮಾವ, ತನ್ನ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಳ್ಳುತ್ತ.

ಮಗಳು ಬೆರಳುಗಳನ್ನು ತೆಗೆದು, ಬೇಕೆಂದೇ, ಹೆಬ್ಬೆರಳನ್ನು ಮತ್ತೆ ಅಲ್ಲೇ ಊರಿದಳು.

ಹೆಡ್ ನರ್ಸ್ ಬೈಯಲಿಲ್ಲ. ಪೆಟ್ಟಿಗೆಯನ್ನು ಸುತ್ತಿ ಬಂದು, ಮೇಡಂ ಅವರ ಬಲಗೈಯನ್ನು ಎತ್ತಿಕೊಂಡು, ತನ್ನ ಹೆಬ್ಬೆರಳನ್ನು ಮಣಿಕಟ್ಟಿಗೆ ಒತ್ತಿದಳು.

ಹೊರಗೆ ಎಂಜಿನ್ ನಿಂತಿತು. ಆ ತಣ್ಣಗಿನ ದೇಹದ ಎರಡೂ ಕೈಗಳಲ್ಲಿ, ಒಂದರಲ್ಲಿ ಅವಸರವಾಗಿ, ಇನ್ನೊಂದರಲ್ಲಿ ನಿಧಾನವಾಗಿ, ನಾಡಿ ಹೊಡೆದುಕೊಳ್ಳತೊಡಗಿತು.